‘ಶಕ್ತಿವರ್ಧಕ’ ಸೀಸೆಯೂ ಮೊಳಕೆ ಕಟ್ಟಿದ ರಾಗಿಯೂ

ಅಗಲ ಬಾಯಿಯ, ದಪ್ಪ ಗಾಜಿನ, ತಿರುಪು ಮುಚ್ಚಳದ ಆ ಸೀಸೆಯನ್ನು ಅರಿಯದ ಕನ್ನಡಿಗರ ಮನೆ ಈ ಮಹಾನಗರಗಳಲ್ಲಿ ಇರಲಾರದು. ಮಾಟುಂಗದಲ್ಲಾಗಲಿ, ಮಾಂಬಲದಲ್ಲಾಗಲಿ, ದೆಹಲಿಯ ಕರೋಲ್‌ಬಾಗಿನಲ್ಲಾಗಲಿ, ಅಡಿಗೆಮನೆಯ ಗೂಡಿನಲ್ಲಿ ಅಂಥ ಐದಾರು ಸೀಸೆಗಳು ಸಾಲಾಗಿ ನಿಂತಿರುತ್ತಿದ್ದುವು. ಒಂದರಲ್ಲಿ ಮೆಂತ್ಯ, ಇನ್ನೊಂದರಲ್ಲಿ ಸಾರಿನ ಪುಡಿ, ಮತ್ತೊಂದರಲ್ಲಿ ಊರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹಳೆಯ ಸೀರೆಯ ತುಂಡಿನೊಳಗೆ ಸುತ್ತಿಕೊಂಡು ಬಂದ ಮಾವಿನ ಮಿಡಿ. ಸೀಸೆಯಲ್ಲಿ ಮೊದಲು ತುಂಬಿದ್ದ ಕಂದುಬಣ್ಣದ ಸಿಹಿ ಪುಡಿ ಎರಡು ಮೂರು ವಾರಗಳಲ್ಲಿ ತೀರಿಹೋದರೂ, ಸೀಸೆ ಮಾತ್ರ ಎರಡು ತಲೆಮಾರು ಬಾಳುತ್ತಿತ್ತು. ಗೃಹಿಣಿಯ ಲೆಕ್ಕದಲ್ಲಿ ಅದು ನಷ್ಟದ ಬಾಬತ್ತಾಗಿರಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ನಮ್ಮ ಗಾದೆಯಲ್ಲಿ ಊಟ ಬಲ್ಲವನೂ ಮಾತು ಬಲ್ಲವನೂ ಬೇರೆ ಬೇರೆ. ಈ ಸೀಸೆಯ ಚರಿತ್ರೆಯಲ್ಲಾದರೋ ಊಟದ ವಿದ್ಯೆಯನ್ನು ಮಾತಿನ ವಿದ್ಯೆ ಹಿಂದೆ ಹಾಕಿತು. ಕಾಳನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಹಾಲಿನಲ್ಲಿ ಕದಡಿ ಕುಡಿಯುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಕೆಲಸ. ಅದೇ ಕೆಲಸಕ್ಕೆ ಸಕ್ಕರೆಯನ್ನೂ ‘ಆರೋಗ್ಯ’ ಎಂಬ ಪದವನ್ನೂ ಸೇರಿಸಿ ನಮಗೇ ಮಾರಿದ ಕಥೆ ಇದು.

ಮೊದಲು ನೆರೆಮನೆಯ ಒಂದು ಪ್ರಸಂಗ. ಬ್ಯಾಂಕಿನ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಅಂಡವಾಯುವಿನ ಶಸ್ತ್ರಚಿಕಿತ್ಸೆಯಾಯಿತು. ಆ ಸಂದರ್ಭದ ರಕ್ತಪರೀಕ್ಷೆಯಲ್ಲಿ ಮಧುಮೇಹವಿರುವುದು ಪತ್ತೆಯಾಯಿತು. ಅವರು ಶಿಸ್ತಿನ ಮನುಷ್ಯರು. ಕಾಫಿಗೆ ಸಕ್ಕರೆ ಬಿಟ್ಟರು, ಹಬ್ಬದ ಹೋಳಿಗೆಯನ್ನು ಕಣ್ಣಿನಿಂದಲೇ ತಿಂದರು, ಬೆಳಗಿನ ನಡಿಗೆಯನ್ನು ತಪ್ಪಿಸಲಿಲ್ಲ. ಮೂರು ತಿಂಗಳು ಕಳೆದರೂ ರಕ್ತದ ಸಕ್ಕರೆ ಇಳಿಯಲಿಲ್ಲ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಸದಾಚಾರವಷ್ಟೆ. ಬಂದವರೆಲ್ಲರೂ ತಲಾ ಒಂದು ಸೀಸೆಯೋ ಡಬ್ಬಿಯೋ ತಂದುಕೊಟ್ಟಿದ್ದರು. ಮಂಚದ ಕೆಳಗೆ ಹಲವು ಕಂಪನಿಗಳ ಆರು ಸೀಸೆಗಳು ಕೂಡಿದ್ದುವು. ಶಸ್ತ್ರಚಿಕಿತ್ಸೆಯ ನಿಶ್ಶಕ್ತಿ ಕಳೆಯಲೆಂದು ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ ನಿಯಮದಿಂದ ಕುಡಿಯುತ್ತಿದ್ದರು. ಅದು ಅವರ ಮನಸ್ಸಿನಲ್ಲಿ ಸಿಹಿಪದಾರ್ಥಗಳ ಪಟ್ಟಿಗೆ ಸೇರಿರಲೇ ಇಲ್ಲ. ಔಷಧದ ಪಟ್ಟಿಗೆ ಸೇರಿತ್ತು. ಕೊನೆಗೆ ಸೊಸೆ ಸೀಸೆಯ ಹಿಂಬದಿಯ ಅಕ್ಷರಗಳನ್ನು ಮೊಬೈಲಿನ ಕ್ಯಾಮರಾದಿಂದ ದೊಡ್ಡದು ಮಾಡಿ ಓದಿದಾಗ ಗುಟ್ಟು ಬಯಲಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಸಕ್ಕರೆಯ ಪ್ರಮಾಣವನ್ನು ಕಾನೂನಿನಂತೆ ಅಚ್ಚು ಹಾಕಿಯೇ ಇದ್ದರು. ಆದರೆ ಮುಂಭಾಗದ ಅಕ್ಷರಕ್ಕೂ ಹಿಂಭಾಗದ ಅಕ್ಷರಕ್ಕೂ ಇದ್ದ ಅಂತರ ಆನೆಗೂ ಇರುವೆಗೂ ಇರುವ ಅಂತರ.

ಇದನ್ನು ಒಂದು ಮನೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹಳ್ಳಿಗಳಲ್ಲಿ ಶೇಕಡ 8.9ರಷ್ಟಿದ್ದ ಈ ವ್ಯಾಧಿ ನಗರಗಳಲ್ಲಿ ಶೇಕಡ 16.4ರಷ್ಟಿತ್ತು. ಊರು ಬಿಟ್ಟು ನಗರ ಸೇರಿದ ನಮ್ಮಂಥವರು ಈ ಎರಡು ಅಂಕಿಗಳ ನಡುವಣ ದೂರವನ್ನು ನಡೆದು ಬಂದವರೇ ಅಲ್ಲವೆ?

ಸೀಸೆಯ ವಂಶಾವಳಿ

ಈ ಪೇಯಗಳ ಮೂಲಪುರುಷನೆಂದರೆ ಹಾರ್ಲಿಕ್ಸ್. ಇಂಗ್ಲೆಂಡಿನವರಾದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಎಂಬ ಸಹೋದರರು 1873ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ವ್ಯಾಪಾರವನ್ನು ಆರಂಭಿಸಿದರು. ಜೇಮ್ಸ್ ಔಷಧ ತಯಾರಿಕೆಯನ್ನು ಬಲ್ಲವನು. ಬಾರ್ಲಿಯನ್ನು, ಎಂದರೆ ನಮ್ಮ ಜವೆಗೋಧಿಯನ್ನು, ಮೊಳಕೆ ಬರಿಸಿ ಅದರ ಸಾರವನ್ನು ಗೋಧಿಹಿಟ್ಟಿನೊಡನೆಯೂ ಹಾಲಿನೊಡನೆಯೂ ಬತ್ತಿಸಿ ಪುಡಿಮಾಡುವ ವಿಧಾನಕ್ಕೆ ಅವರು 1883ರಲ್ಲಿ ಹಕ್ಕುಪತ್ರವನ್ನು ಪಡೆದರು. ಹಸುಳೆಗಳಿಗೂ ರೋಗಿಗಳಿಗೂ ಸುಲಭವಾಗಿ ಜೀರ್ಣವಾಗುವ ಆಹಾರವೆಂಬುದೇ ಅದರ ಮೊದಲ ಹೆಗ್ಗಳಿಕೆ. ಹಾಲನ್ನು ತಣ್ಣಗಿಡುವ ಸೌಕರ್ಯವಿಲ್ಲದ, ಕಲಬೆರಕೆ ಹಾಲಿನಿಂದ ಮಕ್ಕಳು ಸಾಯುತ್ತಿದ್ದ ಆ ಕಾಲದಲ್ಲಿ ಕೆಡದಿರುವ ಹಾಲಿನ ಪುಡಿ ಸಣ್ಣ ಉಪಕಾರವೇನೂ ಆಗಿರಲಿಲ್ಲ. ದಕ್ಷಿಣ ಧ್ರುವಕ್ಕೆ ಹೊರಟ ಸಾಹಸಿಗಳೂ ಅದನ್ನು ಕಟ್ಟಿಕೊಂಡು ಹೋದರು. ಅಂಟಾರ್ಕ್ಟಿಕದಲ್ಲಿ ಹಾರ್ಲಿಕ್ ಪರ್ವತಗಳೆಂಬ ಒಂದು ಶ್ರೇಣಿಯೇ ಇದೆ.

ಪದಾರ್ಥ ಪ್ರಾಮಾಣಿಕವಾದದ್ದೇ. ಆದರೆ ಹಸುಳೆಗಳೂ ರೋಗಿಗಳೂ ಎಷ್ಟೆಂದು ಕುಡಿದಾರು? ಮಾರುಕಟ್ಟೆ ಬೆಳೆಯಬೇಕಾದರೆ ಆರೋಗ್ಯವಂತರಿಗೂ ಒಂದು ರೋಗ ಬೇಕು. 1930ರ ದಶಕದ ಆದಿಯಲ್ಲಿ ಬ್ರಿಟನ್ನಿನ ಜಾಹೀರಾತುಗಾರರು ಅಂಥ ಒಂದನ್ನು ಸೃಷ್ಟಿಸಿದರು; ಅದರ ಹೆಸರು ‘ರಾತ್ರಿಯ ಉಪವಾಸ’. ಮಲಗಿರುವಾಗ ದೇಹವು ಹಸಿದು ಬಳಲುತ್ತದೆ, ಬೆಳಿಗ್ಗೆ ಆಯಾಸವಾಗುವುದು ಅದರಿಂದಲೇ, ಆದುದರಿಂದ ಮಲಗುವ ಮುನ್ನ ಒಂದು ಬಟ್ಟಲು ಕುಡಿಯಬೇಕು ಎಂಬುದು ವಾದ. ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲದ ಈ ವ್ಯಾಧಿಯನ್ನು ಚಿತ್ರಕಥೆಗಳ ರೂಪದಲ್ಲಿ ಪತ್ರಿಕೆಗಳಲ್ಲಿ ಅಚ್ಚುಹಾಕಿದರು, ಜನ ನಂಬಿದರು. ಆಹಾರವನ್ನು ಮಾರುವುದಕ್ಕಿಂತ ಭಯವನ್ನು ಮಾರುವುದು ಸುಲಭವೆಂಬ ಪಾಠವನ್ನು ಆ ಉದ್ಯಮ ಅಂದೇ ಕಲಿಯಿತು.

ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಭಾರತೀಯ ಸಿಪಾಯಿಗಳೊಡನೆ ಈ ಪುಡಿ ನಮ್ಮ ದೇಶಕ್ಕೆ ಬಂತೆನ್ನುತ್ತಾರೆ. 1960ರ ಹೊತ್ತಿಗೆ ಪಂಜಾಬಿನ ನಾಭಾದಲ್ಲಿ ಅದರ ಕಾರ್ಖಾನೆ ನಿಂತಿತು. ಕೋಕೋ ಬೆರೆಸಿದ ಬೋರ್ನ್‌ವಿಟಾ 1948ರಲ್ಲಿಯೇ ಬಂದಿತ್ತು. ತಯಾರಾಗುತ್ತಿದ್ದದ್ದು ಹಾಲು ಸಮೃದ್ಧವಾದ ಪಂಜಾಬಿನಲ್ಲಿ, ಹೆಚ್ಚಾಗಿ ಮಾರಾಟವಾಗುತ್ತಿದ್ದದ್ದು ಹಾಲು ಸಾಲದ ದಕ್ಷಿಣದಲ್ಲಿಯೂ ಪೂರ್ವದಲ್ಲಿಯೂ ಎಂಬುದು ಯೋಚಿಸತಕ್ಕ ಸಂಗತಿ. ಮುಂಬಯಿಯ ಹಳಬರು ಆರೇ ಹಾಲಿನ ಗಾಡಿಯ ಮುಂದೆ ಕಾರ್ಡು ಹಿಡಿದು, ಕತ್ತಲಿರುವಾಗಲೇ ಸಾಲುಗಟ್ಟಿದ್ದನ್ನು ಮರೆತಿರಲಾರರು. ಮನೆಗೆ ಒಂದು ಅಥವಾ ಎರಡು ಅರ್ಧ ಲೀಟರ್ ಸೀಸೆ. ಅದರಲ್ಲಿಯೇ ಕಾಫಿ, ಮೊಸರು, ಮಕ್ಕಳ ಲೋಟ. ಅಂಥ ದಿನಗಳಲ್ಲಿ ನೀರು ಬೆರೆತ ಹಾಲಿಗೆ ಎರಡು ಚಮಚ ಪುಡಿ ಹಾಕಿ ಬಣ್ಣ, ರುಚಿ, ಗಟ್ಟಿತನಗಳನ್ನು ತಂದ ತಾಯಿಯನ್ನು ಮೂಢಳೆಂದು ಕರೆಯಲು ಯಾರಿಗೂ ಅಧಿಕಾರವಿಲ್ಲ. ಮಗುವಿಗೆ ಹಾಲು ಸಾಲದೆಂಬ ಆಕೆಯ ಸಂಕಟ ನಿಜವಾದದ್ದು. ಕ್ಷೀರಕ್ರಾಂತಿಯ ತರುವಾಯ ಹಾಲು ಹೊಳೆಯಾಗಿ ಹರಿಯಿತು, ಕಾರ್ಡು ಹೋಯಿತು, ಸಂಕಟವೂ ತಕ್ಕಮಟ್ಟಿಗೆ ಹೋಯಿತು. ಅಭ್ಯಾಸ ಮಾತ್ರ ಉಳಿಯಿತು.

ಅಭ್ಯಾಸವನ್ನು ಉಳಿಸಿಕೊಳ್ಳಲು ಹೊಸ ಭಯಗಳು ಬೇಕಾದುವು. ಮಗು ಎತ್ತರವಾಗದಿದ್ದರೆ? ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ? ದೂರದರ್ಶನ ಮನೆಮನೆಗೆ ಬಂದ ಮೇಲೆ ಈ ಎರಡು ಪ್ರಶ್ನೆಗಳು ರಾತ್ರಿಯೂಟದ ವೇಳೆಗೆ ಸರಿಯಾಗಿ ನಮ್ಮ ನಡುಮನೆಯೊಳಗೆ ಬಂದು ಕುಳಿತುವು. ಪರಸ್ಥಳದಲ್ಲಿ, ಪರಭಾಷೆಯ ಶಾಲೆಯಲ್ಲಿ ಮಕ್ಕಳನ್ನು ಓದಿಸುತ್ತಿದ್ದ ನಮ್ಮಂಥವರಿಗೆ ಎರಡನೆಯ ಪ್ರಶ್ನೆ ನೇರವಾಗಿ ಎದೆಗೆ ತಾಗಿತು. ಈ ಜಾಹೀರಾತುಗಳು ತಮ್ಮ ಬೇರಿನ ನಾಡಿನಲ್ಲಿಯೇ ಒಮ್ಮೆ ಮುಗ್ಗರಿಸಿದುವು. ಬಾಂಗ್ಲಾದೇಶದ ಪ್ರೇಕ್ಷಕರಿಗಾಗಿ ತಯಾರಿಸಿದ್ದ, ಮಕ್ಕಳನ್ನು ಎತ್ತರವಾಗಿ ಬಲವಾಗಿ ಚುರುಕಾಗಿ ಮಾಡುತ್ತದೆಂಬ ಹಾರ್ಲಿಕ್ಸಿನ ಜಾಹೀರಾತೊಂದು ಬ್ರಿಟನ್ನಿನಲ್ಲಿಯೂ ಪ್ರಸಾರವಾಯಿತು. 2008ರಲ್ಲಿ ಅಲ್ಲಿಯ ಜಾಹೀರಾತು ನಿಯಂತ್ರಣ ಸಂಸ್ಥೆ ಅದಕ್ಕೆ ಆಧಾರ ಸಾಲದೆಂದು ತಡೆ ಹಾಕಿತು. ಜಾಹೀರಾತು ಬ್ರಿಟನ್ನಿನವರಿಗಾಗಿ ಮಾಡಿದ್ದಲ್ಲವೆಂಬುದು ಕಂಪನಿಯ ಸಮಾಧಾನ. ಲಂಡನ್ನಿನ ಮಗುವಿಗೆ ಹೇಳಬಾರದ ಮಾತನ್ನು ಢಾಕಾದ ಮಗುವಿಗೆ ಹೇಳಬಹುದೆಂಬ ಈ ನ್ಯಾಯದ ಬಗ್ಗೆ ಓದುಗರೇ ತೀರ್ಮಾನಿಸಲಿ.

ಪ್ರತಿವಾದವನ್ನೂ ಕೇಳಬೇಕಾದದ್ದು ಧರ್ಮ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಆ ನಗರದ ಬಳಿಯ ವಸತಿಶಾಲೆಯೊಂದರ ಮಕ್ಕಳಿಗೆ ಜೀವಸತ್ವ ಮತ್ತು ಲವಣಗಳನ್ನು ಬೆರೆಸಿದ ಪೇಯವನ್ನು 14 ತಿಂಗಳ ಕಾಲ ಕೊಟ್ಟು ಪರೀಕ್ಷಿಸಿ, ಫಲಿತಾಂಶಗಳನ್ನು 2006ರಲ್ಲಿ ಪ್ರಕಟಿಸಿದರು. ಕೆಲವು ಪ್ರಯೋಜನಗಳು ಕಂಡುಬಂದುದು ನಿಜ. ಆದರೆ ಹೋಲಿಕೆಗಾಗಿ ಇಟ್ಟುಕೊಂಡ ಮಕ್ಕಳ ಗುಂಪಿಗೆ ಕೊಟ್ಟದ್ದು ಜೀವಸತ್ವಗಳನ್ನು ಬೆರೆಸದ ಪೇಯವನ್ನು. ಎಂದಮೇಲೆ ಪ್ರಯೋಜನದ ಕೀರ್ತಿ ಸಲ್ಲಬೇಕಾದದ್ದು ಕಬ್ಬಿಣ, ಸತು, ಜೀವಸತ್ವಗಳಿಗೆ; ಸಕ್ಕರೆಗಲ್ಲ, ಸುವಾಸನೆಗಲ್ಲ. ಸೊಪ್ಪು, ಬೇಳೆ, ಹಣ್ಣು, ಮೊಟ್ಟೆಗಳು ಮನೆಯ ತಟ್ಟೆಗೆ ಬರುತ್ತಿರುವ ಮಗುವಿಗೆ ಅದೇ ಪೇಯದಿಂದ ಹೆಚ್ಚಿನದೇನು ಸಿಗುತ್ತದೆಂಬುದು ಬೇರೆಯೇ ಪ್ರಶ್ನೆ.

‘ಆರೋಗ್ಯ’ ಪದಚ್ಯುತವಾದದ್ದು

ಅರ್ಧ ಶತಮಾನಕ್ಕೂ ಮೀರಿ ನಡೆದ ಈ ವ್ಯವಹಾರಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಯಾವ ಸರಕಾರಿ ಇಲಾಖೆಯಿಂದಲೂ ಅಲ್ಲ. 2023ರ ಏಪ್ರಿಲ್ ತಿಂಗಳಲ್ಲಿ ಒಬ್ಬ ತರುಣ ಬೋರ್ನ್‌ವಿಟಾ ಸೀಸೆಯ ಹಿಂಬದಿಯನ್ನು ಓದಿ, ಅದರ ಸಕ್ಕರೆಯನ್ನು ಹಾಸ್ಯಮಾಡಿದ ಪುಟ್ಟ ಚಲನಚಿತ್ರವೊಂದನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದ. ಲಕ್ಷಾಂತರ ಜನ ನೋಡಿದರು. ಕಂಪನಿಯಿಂದ ವಕೀಲರ ನೋಟೀಸು ಬಂತು, ಆತ ಕ್ಷಮೆ ಕೇಳಿ ಅದನ್ನು ತೆಗೆದುಹಾಕಿದ. ಆದರೆ ಬಿಟ್ಟ ಬಾಣ ಹಿಂದಿರುಗಲಿಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಅದೇ ತಿಂಗಳು ಕಂಪನಿಯಿಂದ ವಿವರಣೆ ಕೇಳಿತು. ಕಂಪನಿಯ ಉತ್ತರದಲ್ಲಿ ಹುರುಳಿಲ್ಲದಿರಲಿಲ್ಲ: 20 ಗ್ರಾಂ ಪುಡಿಯಲ್ಲಿ ಸೇರಿಸಿದ ಸಕ್ಕರೆ 7.5 ಗ್ರಾಂ ಮಾತ್ರ, ಎಂದರೆ ಸುಮಾರು ಒಂದೂವರೆ ಚಹಾ ಚಮಚ. ದಿನದ ಮಿತಿಗಿಂತ ಅದು ಬಹಳ ಕಡಿಮೆ ಎಂದರು. ಹಾಗೆಂದವರೇ ವರ್ಷಾಂತ್ಯಕ್ಕೆ 100 ಗ್ರಾಂ ಪುಡಿಗೆ ಸುಮಾರು 37 ಗ್ರಾಂ ಇದ್ದ ಆ ಸಕ್ಕರೆಯನ್ನು ಸುಮಾರು 32 ಗ್ರಾಮಿಗೆ ಇಳಿಸಿದರು.

ಬಳಿಕ ಬಂದದ್ದು 2024ರ ಏಪ್ರಿಲ್. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು, ಹಾಲು, ಧಾನ್ಯ, ಮಾಲ್ಟುಗಳಿಂದಾದ ಪೇಯದ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ಶೀರ್ಷಿಕೆಯಡಿ ಮಾರಕೂಡದೆಂದು ಅಂತರಜಾಲದ ಅಂಗಡಿಗಳಿಗೆ ಸೂಚಿಸಿತು. ಅದೇ 10ನೆಯ ತಾರೀಕು ಕೇಂದ್ರ ವಾಣಿಜ್ಯ ಮಂತ್ರಾಲಯದ ಸೂಚನೆಯೂ ಹೊರಟಿತು. ಕಾರಣ ವಿಚಿತ್ರವಾಗಿದೆ. 2006ರ ಆಹಾರ ಸುರಕ್ಷತಾ ಕಾನೂನನ್ನು ಆದಿಯಿಂದ ಅಂತ್ಯದವರೆಗೆ ತಿರುವಿಹಾಕಿದರೂ ‘ಆರೋಗ್ಯ ಪೇಯ’ ಎಂಬ ಪದಾರ್ಥವೇ ಅದರಲ್ಲಿಲ್ಲವಂತೆ! ಮೂರು ತಲೆಮಾರು ನಂಬಿಕೊಂಡು ಕುಡಿದ ವಸ್ತುವಿಗೆ ಕಾನೂನಿನ ಕಣ್ಣಿನಲ್ಲಿ ಅಸ್ತಿತ್ವವೇ ಇರಲಿಲ್ಲ. 2020ರಿಂದ ಹಾರ್ಲಿಕ್ಸಿನ ಒಡೆತನ ಹೊಂದಿದ್ದ ಹಿಂದೂಸ್ತಾನ್ ಯೂನಿಲಿವರ್ ಸಂಸ್ಥೆಯು ಆ ತಿಂಗಳಲ್ಲಿಯೇ ತನ್ನ ‘ಆರೋಗ್ಯ ಆಹಾರ ಪೇಯ’ಗಳ ವಿಭಾಗಕ್ಕೆ ‘ಕಾರ್ಯಕಾರಿ ಪೋಷಣಾ ಪೇಯ’ ಎಂಬರ್ಥದ ಹೊಸ ಇಂಗ್ಲಿಷ್ ಹೆಸರಿಟ್ಟಿತು. ಪುಡಿ ಅದೇ, ನಾಮಕರಣ ಬೇರೆ. ಮಾತು ಬಲ್ಲವರಿಗೆ ಪದಗಳ ಬರವುಂಟೆ?

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಎರಡು ವರ್ಷದೊಳಗಿನ ಶಿಶುಗಳ ಆಹಾರವನ್ನು ಜಾಹೀರಾತು ಮಾಡಕೂಡದೆಂದು ನಮ್ಮ ದೇಶದಲ್ಲಿ 1992ರಿಂದ ಕಟ್ಟುನಿಟ್ಟಾದ ಕಾನೂನಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿದರು. ತಾಯಿಯ ಕಳವಳವನ್ನು ವ್ಯಾಪಾರಕ್ಕೆ ಬಂಡವಾಳ ಮಾಡಬಾರದೆಂಬುದು ಅದರ ತಾತ್ಪರ್ಯ. ಮಗುವಿಗೆ ಎರಡು ವರ್ಷ ತುಂಬಿದ ಮರುದಿನ ತಾಯಿಯ ಕಳವಳ ಕಡಿಮೆಯಾಗುತ್ತದೆಂದು ಶಾಸನಕರ್ತರು ಹೇಗೆ ಭಾವಿಸಿದರೋ ತಿಳಿಯದು.

ಈಗ ಲೋಟದ ಲೆಕ್ಕ. ಸೇರಿಸಿದ ಸಕ್ಕರೆಯೂ ಜೇನು, ಹಣ್ಣಿನ ರಸ ಮೊದಲಾದವುಗಳ ಸಕ್ಕರೆಯೂ ಕೂಡಿ ದಿನದ ಶಕ್ತಿಯ ಶೇಕಡ 10ನ್ನು ಮೀರಬಾರದು, 5ರೊಳಗಿದ್ದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ವಿಧಿಸಿತು. ಎಂಟು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ ಬೇಕೆಂದಿಟ್ಟುಕೊಂಡರೆ, ಲೇಸಾದ ಮಿತಿ 21 ಗ್ರಾಂ, ಎಂದರೆ ನಾಲ್ಕು ಚಹಾ ಚಮಚ. 100 ಗ್ರಾಮಿಗೆ 32 ಗ್ರಾಂ ಸಕ್ಕರೆ ಸೇರಿಸಿದ ಪುಡಿಯನ್ನು ದಿನಕ್ಕೆರಡು ಬಾರಿ 20 ಗ್ರಾಮಿನಂತೆ ಕೊಟ್ಟರೆ ಹತ್ತಿರಹತ್ತಿರ 13 ಗ್ರಾಂ ಆಯಿತು. ಆದರೆ 20 ಗ್ರಾಮನ್ನು ತೂಗಿ ಹಾಕುವ ತಾಯಿ ಯಾರಿದ್ದಾರೆ? ಚಮಚ ಗೋಪುರದಂತೆ ತುಂಬಿಕೊಳ್ಳುತ್ತದೆ. ಅದರ ಮೇಲೆ ‘ಹಾಲು ಸಪ್ಪೆ’ ಎಂದು ಮಗು ಮುಖ ಸಿಂಡರಿಸಿದಾಗ ಲೋಟಕ್ಕೊಂದು ಚಮಚ ಸಕ್ಕರೆ ಬೀಳುತ್ತದೆ. ದಿನದ ಪಾಲು ಅಲ್ಲಿಗೆ ಮುಗಿಯಿತು. ಬಿಸ್ಕತ್ತು, ಜಾಮು, ಹುಟ್ಟುಹಬ್ಬದ ಕೇಕುಗಳು ಇನ್ನೂ ಬಾಗಿಲಲ್ಲಿ ಕಾದಿವೆ.

ಅಜ್ಜಿಯ ಮಾಲ್ಟು

ಮಾಲ್ಟೆಂದರೆ ಮೊಳಕೆಯ ಹಿಟ್ಟಲ್ಲದೆ ಬೇರೇನೂ ಅಲ್ಲ. ಕಾಳು ನೆನೆದು ಮೊಳಕೆಯೊಡೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಅದರಿಂದ ಗಂಜಿ ಬೇಯುವಾಗ ಅಂಟಂಟಾಗದೆ ತೆಳ್ಳಗಾಗುತ್ತದೆ. ಇದರ ಮಹತ್ವ ಹಸುಳೆಯ ಹೊಟ್ಟೆಯನ್ನು ನೆನೆದರೆ ತಿಳಿದೀತು. ಸಾಮಾನ್ಯ ಹಿಟ್ಟಿನ ಸರಿ ಗಟ್ಟಿಯಾದರೆ ಮಗು ನುಂಗದು, ನೀರು ಹೆಚ್ಚಿಸಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿ ಸತ್ವ ಸಾಲದು. ಮೊಳಕೆಯ ಹಿಟ್ಟಾದರೆ ಅಷ್ಟೇ ನೀರಿನಲ್ಲಿ ಹೆಚ್ಚು ಹಿಟ್ಟು ಅಡಗುತ್ತದೆ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು ಮೊಳಕೆಯ ರಾಗಿ ಮತ್ತು ಮೊಳಕೆಯ ಹೆಸರುಕಾಳುಗಳಿಂದ ಇಂಥ ತೆಳುಗಂಜಿಯ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಪ್ರಬಂಧ ಪ್ರಕಟಿಸಿದರು. ಮೈಸೂರು ಸೀಮೆಯ ಅಜ್ಜಿಯರು ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ನೇತುಹಾಕುತ್ತಿದ್ದ ರಾಗಿಯ ಗಂಟಿಗೆ ಪ್ರಯೋಗಶಾಲೆಯ ಮುದ್ರೆ ಬಿದ್ದಂತಾಯಿತು. ಹಾರ್ಲಿಕ್ ಸಹೋದರರು ಬಾರ್ಲಿಯಲ್ಲಿ ಮಾಡಿದ್ದನ್ನೇ ಈ ಅಜ್ಜಿಯರು ರಾಗಿಯಲ್ಲಿ ಮಾಡುತ್ತಿದ್ದರು, ಹಕ್ಕುಪತ್ರದ ಗೊಡವೆಯಿಲ್ಲದೆ.

ರಾಗಿಯ ಕುಲಗೌರವದ ಪ್ರಶ್ನೆ ಹೊಸದೇನಲ್ಲ. ಅಕ್ಕಿಗೂ ರಾಗಿಗೂ ನಡೆದ ಜಗಳವನ್ನು ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಹೇಳಿದ್ದಾರೆ. ಆರು ತಿಂಗಳು ಸೆರೆಯಲ್ಲಿಟ್ಟ ಮೇಲೆ ಕೆಡದೆ ಉಳಿದದ್ದು ರಾಗಿಯೇ. ನಗರಕ್ಕೆ ಬಂದ ನಾವು ಆ ಜಗಳದಲ್ಲಿ ಮೆಲ್ಲಗೆ ಅಕ್ಕಿಯ ಪಕ್ಷಕ್ಕೆ ಸೇರಿ, ಬಳಿಕ ಸೀಸೆಯ ಪಕ್ಷಕ್ಕೆ ಸೇರಿದೆವು. ನೆಂಟರೆದುರು ಅಂಬಲಿಯನ್ನು ಕೊಡಲು ಸಂಕೋಚಪಟ್ಟ ಮನೆಗಳು ಸೀಸೆಯನ್ನು ಗಾಜಿನ ಬೀರುವಿನಲ್ಲಿ ಎದ್ದುಕಾಣುವಂತೆ ಇಟ್ಟುವು.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣಾಂಶವೂ 11 ಗ್ರಾಂ ನಾರೂ 7 ಗ್ರಾಂ ಸಸಾರಜನಕವೂ ಇವೆ. ಅಷ್ಟೇ ತೂಕದ ಹಸುವಿನ ಹಾಲಿನ ಸುಣ್ಣಾಂಶ 118 ಮಿಲಿಗ್ರಾಂ. ಆದರೆ ಅಂಕಿಗಳ ಮೋಹಕ್ಕೆ ನಾವೂ ಬೀಳಬಾರದು. ಜಾಹೀರಾತುಗಾರರ ಮೇಲೆ ಹೊರಿಸಿದ ಆರೋಪ ನಮ್ಮ ಮೇಲೆಯೇ ಬಂದೀತು. ರಾಗಿಯ ಸುಣ್ಣವೆಲ್ಲ ಮೈಗೆ ಹತ್ತುವುದಿಲ್ಲ. ಅದರ ಫೈಟಿಕ್ ಆಮ್ಲ, ಟ್ಯಾನಿನ್ ಮೊದಲಾದವು ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ; ಮೊಳಕೆ ಕಟ್ಟಿದಾಗ ಆ ಹಿಡಿತ ಸಡಿಲವಾಗುತ್ತದೆ. ಸುಣ್ಣದ ಹೆಚ್ಚಿನ ಭಾಗ ಹೊರಸಿಪ್ಪೆಯಲ್ಲಿರುವುದರಿಂದ ನುಣ್ಣಗೆ ಜರಡಿ ಹಿಡಿದಷ್ಟೂ ನಷ್ಟ. ಇನ್ನೊಂದು ಮಾತು ಮಧುಮೇಹಿಗಳಿಗೆ. ರಾಗಿಯಲ್ಲಿಯೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಮೊಳಕೆ ಕಟ್ಟಿ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗುತ್ತದೆ, ರಕ್ತದ ಸಕ್ಕರೆಯನ್ನೂ ಬೇಗನೆ ಏರಿಸುತ್ತದೆ. ಹಸುಳೆಗೆ ಅದು ಗುಣ, ಮಧುಮೇಹಿಗೆ ದೋಷ. ಅವರಿಗೆ ಸೊಪ್ಪಿನ ಸಾರಿನೊಡನೆ ಮಿತವಾದ ಮುದ್ದೆಯೋ ರೊಟ್ಟಿಯೋ ವಾಸಿ. ಬೆಲ್ಲ ಹಾಕಿದರೆ ಬಾಧಕವಿಲ್ಲವೆಂಬುದು ನಮ್ಮ ಹೆಂಗಳೆಯರ ಅಚಲ ವಿಶ್ವಾಸ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ಕಾಲ ಈಗ ತಿರುಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿತು. ಕರ್ನಾಟಕ ಸರಕಾರ ಶಾಲೆಯ ಮಕ್ಕಳಿಗೆ ಕ್ಷೀರಭಾಗ್ಯದ ಹಾಲಿನೊಡನೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟನ್ನು ಕೊಡುವ ಕಾರ್ಯಕ್ರಮವನ್ನು 2024ರ ಫೆಬ್ರವರಿಯಲ್ಲಿ ಆರಂಭಿಸಿತು. ಸಂತೋಷದ ವಿಷಯವೇ. ಆದರೆ ಜಯ ಸಿಕ್ಕಿತೆಂದು ಬೀಗುವ ಮುನ್ನ ಹತ್ತಿರದ ಅಂಗಡಿಗೆ ಹೋಗಿ ನೋಡಬೇಕು. ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ದಿಢೀರ್ ರಾಗಿ ಮಾಲ್ಟುಗಳ ಪೊಟ್ಟಣಗಳ ಮುಂಭಾಗದಲ್ಲಿ ತೆನೆಯ ಚಿತ್ರ, ಹಳ್ಳಿಯ ಹೆಂಗಸಿನ ನಗು. ಹಿಂಭಾಗಕ್ಕೆ ತಿರುಗಿಸಿದರೆ ಹಲವು ಪೊಟ್ಟಣಗಳಲ್ಲಿ ಮೊದಲು ಕಾಣುವುದು ಮೈದಾ ಅಥವಾ ಸಕ್ಕರೆ, ರಾಗಿ ಆಮೇಲೆ. ನಿನ್ನೆ ಬಾರ್ಲಿಯ ಹೆಸರಿನಲ್ಲಿ ನಡೆದದ್ದು ಇಂದು ನಮ್ಮ ಕುಲಧಾನ್ಯದ ಹೆಸರಿನಲ್ಲಿಯೇ ನಡೆಯುತ್ತಿದೆ.

ಹಿಂಭಾಗವನ್ನು ಓದುವುದಕ್ಕೆ ಪೋಷಣಾಶಾಸ್ತ್ರದ ಪದವಿ ಬೇಡ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ಕಾನೂನು. ಆದುದರಿಂದ ಮೊದಲ ಮೂರು ಹೆಸರುಗಳೇ ಆ ಪೊಟ್ಟಣದ ನಿಜವಾದ ಹೆಸರು. ಮುಂಭಾಗದಲ್ಲಿ ಯಾವ ಪದಾರ್ಥವನ್ನು ಮೆರೆಸಿದ್ದಾರೋ ಅದರ ಶೇಕಡಾವಾರನ್ನು ಪಟ್ಟಿಯಲ್ಲಿ ಹೇಳಬೇಕು. ‘ರಾಗಿ’ ಎಂಬ ಪದದ ಪಕ್ಕದ ಅಂಕಿಯನ್ನು ಹುಡುಕಿರಿ. 2020ರ ನಿಯಮಾವಳಿಯಿಂದೀಚೆಗೆ ಒಟ್ಟು ಸಕ್ಕರೆ ಒಂದು ಸಾಲಿನಲ್ಲಿ, ಸೇರಿಸಿದ ಸಕ್ಕರೆ ಇನ್ನೊಂದು ಸಾಲಿನಲ್ಲಿ ಇರಬೇಕು. ಲೆಕ್ಕವನ್ನು 100 ಗ್ರಾಮಿನ ಕಂಬಸಾಲಿನಲ್ಲಿ ನೋಡಬೇಕಲ್ಲದೆ ಒಂದು ‘ಬಡಿಸುವ ಪ್ರಮಾಣ’ದ ಕಂಬಸಾಲಿನಲ್ಲಲ್ಲ, ಬಡಿಸುವ ಕೈ ನಮ್ಮದು, ಪ್ರಮಾಣ ಅವರದು. ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಉದ್ದ ಹೆಸರನ್ನು ಕಂಡರೆ, ಸಕ್ಕರೆಯ ಸಾಲಿನಲ್ಲಿ ಲೆಕ್ಕಕ್ಕೆ ಬಾರದಿದ್ದರೂ ರಕ್ತದಲ್ಲಿ ಸಕ್ಕರೆಯಷ್ಟೇ ಚುರುಕಾಗಿ ಏರುವ ಪಿಷ್ಟವದು ಎಂದು ತಿಳಿಯತಕ್ಕದ್ದು.

ಇಷ್ಟೆಲ್ಲ ಕಣ್ಣು ಕಿರಿದು ಮಾಡಿ ಓದುವ ಶ್ರಮ ಗ್ರಾಹಕನಿಗೇಕೆ? ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 2016ರಿಂದ, ಸಕ್ಕರೆ, ಉಪ್ಪು, ಕೊಬ್ಬುಗಳು ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲಿಯೇ ಎಂಟು ಮೂಲೆಯ ಕಪ್ಪು ಮುದ್ರೆಯನ್ನು ಹಾಕಬೇಕು. ಅಕ್ಷರ ಬಾರದವರಿಗೂ ತಿಳಿಯುತ್ತದೆ. ನಮ್ಮಲ್ಲಿ 2022ರಲ್ಲಿ ಬಂದ ಕರಡು ಎಚ್ಚರಿಕೆಯ ಮುದ್ರೆಗೆ ಬದಲು ನಕ್ಷತ್ರಗಳನ್ನು ಕೊಡಬಯಸಿತು. ಕೆಟ್ಟ ಪದಾರ್ಥಕ್ಕೂ ಅರ್ಧ ನಕ್ಷತ್ರದ ಬಹುಮಾನ! 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಮೂರು ತಿಂಗಳಲ್ಲಿ ಇತ್ಯರ್ಥಪಡಿಸಬೇಕೆಂದು ಗಡುವು ವಿಧಿಸಬೇಕಾಯಿತು.

ಇನ್ನು ಮಾಡುವ ವಿಧಾನ. ಸಂಘದ ಮಹಿಳಾ ವಿಭಾಗದ ಸದಸ್ಯೆಯರು ಕೇಳಿದ್ದರಿಂದ ಬರೆಯುತ್ತಿದ್ದೇನೆ, ಬಲ್ಲವರು ಕ್ಷಮಿಸಬೇಕು. ಒಂದು ಕಿಲೋ ರಾಗಿಯನ್ನು ಕಲ್ಲು ಹೆಕ್ಕಿ, ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಬೇಕು. ಮುಂಬಯಿ ಮದರಾಸುಗಳ ಸೆಕೆಯಲ್ಲಿ ಒಂದೂವರೆ ದಿನಕ್ಕೆ ಬಿಳಿಯ ಮೊಳಕೆ ಕಾಣುತ್ತದೆ, ದೆಹಲಿಯ ಚಳಿಯಲ್ಲಿ ಮೂರು ದಿನವಾದರೂ ಆದೀತು. ಮುಂಬಯಿಯ ಮಳೆಗಾಲದಲ್ಲಿ ಈ ಸಾಹಸ ಬೇಡ. ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದದ್ದನ್ನು ಎಸೆಯಬೇಕಲ್ಲದೆ ತೊಳೆದು ಬಳಸಬಾರದು. ಬಾಲ್ಕನಿಯ ಬಿಸಿಲಿನಲ್ಲಿ ಎರಡು ದಿನ ಗಲಗಲ ಎನ್ನುವಂತೆ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆಯನ್ನು ಉದುರಿಸಿ, ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟೇ ಹುರಿಯಬೇಕು. ಕೆಂಪಗೆ ಹುರಿದರೆ ಕಿಣ್ವ ಸತ್ತು ಗಂಜಿ ಗಟ್ಟಿಯಾಗುತ್ತದೆ. ಕಾಲು ಕಿಲೋ ಹೆಸರುಕಾಳನ್ನೂ ಹೀಗೆಯೇ ಮಾಡಿ ಸೇರಿಸಿದರೆ ಸಸಾರಜನಕದ ಕೊರತೆ ತುಂಬುತ್ತದೆ. ಬೀಸಿದ ಹಿಟ್ಟನ್ನು ಹಸುಳೆಗಾದರೆ ತೆಳುಬಟ್ಟೆಯಲ್ಲಿ ಶೋಧಿಸಿ, ದೊಡ್ಡವರಿಗೆ ಶೋಧಿಸುವುದು ಬೇಡ.

ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿಯೇ ಕದಡಿ ಮಂದ ಉರಿಯಲ್ಲಿಟ್ಟು ನಿಧಾನವಾಗಿ ಬಿಸಿ ಏರಿಸಿದರೆ ಕಿಣ್ವಕ್ಕೆ ಕೆಲಸಮಾಡಲು ವೇಳೆ ಸಿಗುತ್ತದೆ. ಆಮೇಲೆ ಐದು ನಿಮಿಷ ಕುದಿಸಿ ಹಾಲು ಬೆರೆಸಬೇಕು. ಆರು ತಿಂಗಳು ತುಂಬಿದ ಮಗುವಿಗೆ ಸಕ್ಕರೆಯನ್ನಾಗಲಿ ಉಪ್ಪನ್ನಾಗಲಿ ಹಾಕಕೂಡದು; ಮೊಳಕೆಯ ಹಿಟ್ಟಿನಲ್ಲಿ ತನ್ನದೇ ಆದ ಸವಿಯಿರುತ್ತದೆ. ದೊಡ್ಡ ಮಕ್ಕಳು ಹಟ ಮಾಡಿದರೆ ಒಂದು ಖರ್ಜೂರವನ್ನು ಅರೆದು ಹಾಕಬಹುದು. ನಮ್ಮ ನೆರೆಯ ಹಿರಿಯರು ಮಾತ್ರ ಮಜ್ಜಿಗೆ, ಉಪ್ಪು, ಜೀರಿಗೆ ಬೆರೆಸಿದ ಅರ್ಧ ಲೋಟ ಅಂಬಲಿಗೆ ತೃಪ್ತರಾಗಿದ್ದಾರೆ, ಅದೂ ಅಪರೂಪಕ್ಕೆ.

ಹಿಟ್ಟು ಪೂರ್ತಿ ಆರಿದ ಮೇಲೆ ಒದ್ದೆಯಿಲ್ಲದ, ಗಾಳಿಯಾಡದ ಸೀಸೆಯಲ್ಲಿ ತುಂಬಿಡಬೇಕು. ಗೂಡಿನಲ್ಲಿರುವ ಹಳೆಯ ಅಗಲ ಬಾಯಿಯ ಸೀಸೆಗಿಂತ ಇದಕ್ಕೆ ಒಳ್ಳೆಯದು ಇನ್ನೊಂದಿಲ್ಲ. ಅದರ ಹೆಸರುಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತುಹಾಕಿ, ಬೀಸಿದ ತಾರೀಕನ್ನು ಚೀಟಿಯಲ್ಲಿ ಬರೆದು ಅಂಟಿಸಿರಿ. ಎರಡು ತಿಂಗಳೊಳಗೆ ಮುಗಿಸಿಬಿಡುವುದು ಒಳ್ಳೆಯದು.